ಮಾನವಿ ಮಾನ್ವಿಯಾದ ನಿಯಮ

ರಾಯಚೂರು ಜಿಲ್ಲೆಯ ಈ ಊರಿನ ಹೆಸರನ್ನು ಮಾನವಿ ಎಂದೂ ಬರೆಯುತ್ತಾರೆ, ಮಾನ್ವಿ ಎಂದೂ ಬರೆಯುತ್ತಾರೆ. ಒಂದೇ ಬೀದಿಯ ಎರಡು ಬೋರ್ಡುಗಳಲ್ಲಿ ಎರಡು ಥರ ಇದ್ದರೂ ಅಲ್ಲಿಯ ಮಂದಿ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಯಲ್ಲಿ ಮಾತ್ರ ಒಂದೇ, ಮಾನ್ವಿ. ಯಾಕೆ ಹೀಗೆ ಎಂದು ಕೇಳಿದರೆ ಕನ್ನಡ ಮೇಷ್ಟ್ರು ಮೊದಲನೆಯದು ಶುದ್ಧ, ಎರಡನೆಯದು ಆಡುಮಾತಿನಲ್ಲಿ ಕೆಟ್ಟದ್ದು ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ.

ಮಾನ್ವಿಯೊಂದರದೇ ಸಂಗತಿಯಾಗಿದ್ದರೆ ನಾಲಗೆಯ ಸೋಮಾರಿತನ ಎಂದು ಬಿಟ್ಟುಬಿಡಬಹುದಿತ್ತು. ಸುತ್ತಲಿನ ಊರುಗಳ ಹೆಸರನ್ನೂ ಸ್ವಲ್ಪ ಕಿವಿಗೊಟ್ಟು ಕೇಳಿ. ದೇವದುರ್ಗ ಬಾಯಲ್ಲಿ ದೇವ್ದುರ್ಗ. ರಾಯಚೂರು ರಾಯ್ಚೂರು. ಸಿಂಧನೂರು ಸಿಂಧ್ನೂರು, ಸಿರವಾರ ಸಿರ್ವಾರ, ಅರಕೇರಾ ಅರ್ಕೇರಾ, ಮುದಗಲ್ ಮುದ್ಗಲ್. ಬಿದ್ದುಹೋದದ್ದು ಎಲ್ಲ ಕಡೆಯೂ ಎರಡನೆಯ ಅಕ್ಷರದ ಸ್ವರ. ಮೊದಲ ಅಕ್ಷರದ ಸ್ವರ ಒಂದು ಕಡೆಯೂ ಬಿದ್ದಿಲ್ಲ. 'ಮ್ನವಿ' ಎಂದೋ 'ಸ್ರವಾರ' ಎಂದೋ ಯಾರೂ ಅನ್ನುವುದಿಲ್ಲ. ಬಿದ್ದದ್ದೆಲ್ಲ ಹ್ರಸ್ವಸ್ವರ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಎರಡನೆಯ ಅಕ್ಷರ 'ಬೂ', ದೀರ್ಘ, ಅದು ಕದಲಿಲ್ಲ. ಊರ ಹೆಸರು ಬಿಟ್ಟು ದಿನಬಳಕೆಯ ಮಾತಿಗೆ ಬನ್ನಿ: ಹೆಸರು ಹೆಸ್ರು, ಹುಡುಗರು ಹುಡ್ಗರು, ಕುದುರೆ ಕುದ್ರಿ, ಮಲಗು ಮಲ್ಗು. ನಿನ್ನೆ ಮೊನ್ನೆ ಬಂದ ಕ್ಯಾಮರಾ ಕೂಡ ಕ್ಯಾಮ್ರಾ. ಆದರೆ ಗ್ಯಾರಂಟಿ ಮಾತ್ರ ಗ್ಯಾರಂಟಿಯೇ. ಅದರ ಎರಡನೆಯ ಅಕ್ಷರಕ್ಕೆ ಅನುಸ್ವಾರದ ಊರೆಗೋಲಿದೆ.

ಶಾಲೆಯಲ್ಲಿ ಛಂದಸ್ಸು ಕಲಿತ ಯಾರಿಗಾದರೂ ಇಷ್ಟು ಹೊತ್ತಿಗೆ ಸುಳಿವು ಸಿಕ್ಕಿರಬೇಕು. ಮಾತಿನ ನಡುವೆ ಸಿಕ್ಕ ಲಘು ಬೀಳುತ್ತದೆ, ಗುರು ನಿಲ್ಲುತ್ತದೆ. ಈ ನಿಯಮವನ್ನು ದೇವದುರ್ಗದ ಯಾವ ತಾಯಿಯೂ ಮಗುವಿಗೆ ಹೇಳಿಕೊಟ್ಟಿಲ್ಲ, ಯಾವ ಪಠ್ಯಪುಸ್ತಕದಲ್ಲೂ ಓದಿದ್ದಲ್ಲ. ಆದರೂ ಶಾಲೆಯ ಮುಖ ಕಾಣದ ಕುರಿಗಾಹಿಯಿಂದ ತಾಲ್ಲೂಕು ಕಚೇರಿಯ ಗುಮಾಸ್ತನವರೆಗೆ ಎಲ್ಲರೂ ಅದನ್ನು ಪಾಲಿಸುತ್ತಾರೆ. ಹೊಸ ಪದ ಬಂದರೆ ಅದಕ್ಕೂ ಅನ್ವಯಿಸುತ್ತಾರೆ. ಜನರಿಗೆ ಗೊತ್ತಿದ್ದೂ, ಗೊತ್ತಿದೆ ಎಂಬುದೇ ಗೊತ್ತಿಲ್ಲದ ಇಂಥ ನಿಯಮಗಳನ್ನು ಹುಡುಕಿ ಬರೆದಿಡುವ ಕೆಲಸಕ್ಕೆ ಭಾಷಾವಿಜ್ಞಾನ ಎಂದು ಹೆಸರು. ಹೇಗೆ ಮಾತಾಡಬೇಕು ಎಂದು ಅದು ಅಪ್ಪಣೆ ಕೊಡುವುದಿಲ್ಲ. ಹೇಗೆ ಮಾತಾಡುತ್ತಾರೆ ಎಂದು ನೋಡುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಹರಿದಾಸ ಸಾಹಿತ್ಯದ ದೊಡ್ಡ ಹೆಸರು ಜಗನ್ನಾಥದಾಸರು ಇದೇ ಮಾನ್ವಿಯವರು. ಅವರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಅಂದರೆ ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರಬೇಕು. ಮಾನವಿ ಎಂದರೆ ನಾಲ್ಕು ಮಾತ್ರೆ. ಮಾನ್ವಿ ಎಂದರೆ ಮೂರೇ. ಬೀದಿಯ ಉಚ್ಚಾರಣೆಯಲ್ಲಿ ಷಟ್ಪದಿ ಹಾಡಿದರೆ ಗಣ ಮುರಿಯುತ್ತದೆ. ಬರಹ, ಕಾವ್ಯ, ಭಜನೆಗಳಲ್ಲಿ ಒಂದು ಕನ್ನಡ, ಸಂತೆಯಲ್ಲಿ ಇನ್ನೊಂದು ಕನ್ನಡ. ಒಬ್ಬನೇ ಮನುಷ್ಯ ಎರಡನ್ನೂ ಅರೆಗಳಿಗೆಯಲ್ಲಿ ಅದಲುಬದಲು ಮಾಡುತ್ತಾನೆ, ತಪ್ಪುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಟ್ಟುಗಳಿವೆ. ಒಂದು ಸರಿ, ಇನ್ನೊಂದು ಅದರ ಹಾಳಾದ ರೂಪ ಎನ್ನುವವರು ಎರಡನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ಇನ್ನು ಸದ್ದಿನ ಒಳಗೆ ಇನ್ನೊಂದು ಮೆಟ್ಟಿಲು ಇಳಿಯೋಣ. ರಾಯಚೂರಿನ ಗಂಜ್‌ನಲ್ಲಿ ಹತ್ತಿ ಬಂದ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುವ ಎರಡು ಪದ ಬೆಳಿ ಮತ್ತು ಬೆಲಿ. ಬೆಳಿ ಚೊಲೊ ಇದ್ದ ವರ್ಷ ಬೆಲಿ ಇರುವುದಿಲ್ಲ ಎಂಬುದು ರೈತನ ಹಳೆಯ ಸಂಕಟ. ಭಾಷಾವಿಜ್ಞಾನಿಗೆ ಕಾಣುವುದು ಬೇರೆ: ಎರಡು ಪದಗಳ ನಡುವೆ ಇರುವ ವ್ಯತ್ಯಾಸ ನಾಲಗೆಯ ತುದಿ ಒಂದಿಷ್ಟು ಹಿಂದಕ್ಕೆ ಮಡಚುವುದು ಮಾತ್ರ. ಅಷ್ಟರಿಂದಲೇ ಅರ್ಥ ಬದಲಾಯಿತು. ಹಾಗಾಗಿ ಲ ಮತ್ತು ಳ ಕನ್ನಡದಲ್ಲಿ ಎರಡು ಬೇರೆ ಧ್ವನಿಮಾಗಳು. ಹಲ್ಲಿ–ಹಳ್ಳಿ, ಕಲ್ಲು–ಕಳ್ಳು ಇಂಥವೇ ಜೋಡಿಗಳು. ಹಿಂದಿ, ಉರ್ದುಗಳಲ್ಲಿ ಳಕಾರವಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಉತ್ತರದ ಕಡೆಯಿಂದ ಬಂದ ನೌಕರನಿಗೆ ಎರಡೂ ಒಂದೇ ಎಂದು ಕೇಳಿಸಿದರೆ ಅವನ ಕಿವಿ ಮಂದ ಎಂದಲ್ಲ. ಅವನ ಭಾಷೆ ಆ ಗೆರೆಯನ್ನು ಎಳೆದೇ ಇಲ್ಲ, ಅಷ್ಟೆ. ನಮ್ಮದೂ ಅದೇ ಪಾಡು. ದನ, ಧನ ಎಂದು ಬರೆಯುವಾಗ ನಾವು ಬೇರೆ ಮಾಡುತ್ತೇವೆ. ಹೊಲದ ಬದುವಿನಲ್ಲಿ ನಿಂತು ಮಾತಾಡುವಾಗ ಎರಡೂ ದನವೇ. ಮಹಾಪ್ರಾಣ ಬರಹದಲ್ಲಿ ಬಂದು ಕೂತಿದೆ, ನಾಲಗೆಯ ಮೇಲೆ ಕೂತಿಲ್ಲ.

ಕೆಲವೊಮ್ಮೆ ನಮ್ಮ ಲಿಪಿ ನಮಗಿಂತ ಜಾಣ. ಸಿಂಧನೂರು, ಲಿಂಗಸೂಗೂರು, ಅಂಬಾಮಠ ಈ ಮೂರರಲ್ಲೂ ನಾವು ಒಂದೇ ಸೊನ್ನೆ ಬರೆಯುತ್ತೇವೆ. ಬಾಯಲ್ಲಿ ಮಾತ್ರ ಅದು ಮೊದಲನೆಯದರಲ್ಲಿ ನ್, ಎರಡನೆಯದರಲ್ಲಿ ಙ್, ಮೂರನೆಯದರಲ್ಲಿ ಮ್. ಮುಂದಿನ ವ್ಯಂಜನ ಬಾಯಲ್ಲಿ ಎಲ್ಲಿ ಹುಟ್ಟುತ್ತದೋ ಅನುನಾಸಿಕವೂ ಅಲ್ಲಿಗೇ ಸರಿಯುತ್ತದೆ. ಯಾವುದು ಎಲ್ಲಿ ಬರುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುವುದರಿಂದ ಬರೆಯುವವನು ಮೂರು ಗುರುತು ಹಾಕುವ ಅಗತ್ಯವಿಲ್ಲ, ಒಂದು ಸೊನ್ನೆ ಸಾಕು. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಧ್ವನಿಮಾ, ಉಪಧ್ವನಿಮಾ ಎಂದು ಹೆಸರಿಟ್ಟು ವಿವರಿಸಿದ್ದನ್ನು ಅನುಸ್ವಾರ ಕಂಡುಹಿಡಿದವರು ಬರೆದೇ ತೋರಿಸಿದ್ದರು.

ಕೃಷ್ಣಾ, ತುಂಗಭದ್ರಾ ನಡುವಿನ ಈ ದೋಆಬ್ ಭಾಷೆ ಓದುವವರಿಗೆ ಹೇಳಿಮಾಡಿಸಿದ ಜಾಗ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ, ಅದರ ಭಾಷೆ ಪ್ರಾಕೃತ. 1915ರಲ್ಲಿ ಅದನ್ನು ಮೊದಲು ಕಂಡದ್ದು ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂಬುದಕ್ಕೆ ಶಾಸನದಲ್ಲೇ ಪುರಾವೆ ಸಿಕ್ಕಿತು. ರಾಯಚೂರು ಕೋಟೆಯ ಗೋಡೆಯಲ್ಲಿ ಕೂರಿಸಿದ ನಲವತ್ತು ಅಡಿಗೂ ಉದ್ದದ ಕಲ್ಲಿನ ಮೇಲೆ 1294ರ ತೆಲುಗು ಶಾಸನವಿದೆ. ಆಮೇಲೆ ಬಹಮನಿ, ವಿಜಯನಗರ, ಬಿಜಾಪುರಗಳ ಜಗ್ಗಾಟ. ಕೊನೆಗೆ 1956ರವರೆಗೂ ಹೈದರಾಬಾದ್. 1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ರೈಲು ಹಳಿ ಮದರಾಸು ಕಡೆಯಿಂದ ಬಂದ ಹಳಿಯನ್ನು ಕೂಡಿದ್ದೂ ಇದೇ ರಾಯಚೂರಿನಲ್ಲಿ. ಹೀಗಾಗಿ ಈ ಊರಿನ ತೀನ್ ಕಂದೀಲ್‌ನಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಸುತ್ತಲಿನ ತಾಂಡಾಗಳಿಂದ ಬಂದವರಿದ್ದರೆ ಲಂಬಾಣಿಯೂ ಸೇರುತ್ತದೆ.

ಈ ಭಾಷೆಗಳು ಒಂದಕ್ಕೊಂದು ಏನಾಗಬೇಕು? ಇದಕ್ಕೆ ಉತ್ತರ ಹುಡುಕುವುದು ಕಷ್ಟವಲ್ಲ. ಪಕ್ಕದ ಅಂಗಡಿಯ ತೆಲುಗಿನವರ ಹತ್ತು ಪದ ಬರೆದುಕೊಳ್ಳಿ. ನಮ್ಮ ಹಾಲಿಗೆ ಅವರು ಪಾಲು ಅನ್ನುತ್ತಾರೆ. ಹಣ್ಣು ಪಂಡು, ಹುಲಿ ಪುಲಿ, ಹಾವು ಪಾಮು, ಹಗಲು ಪಗಲು, ಹೂವು ಪುವ್ವು, ಹತ್ತು ಪದಿ. ಒಂದೆರಡು ಪದ ಹೋಲಿದರೆ ಕಾಕತಾಳೀಯ, ಇಲ್ಲವೇ ಸಾಲ ತಂದದ್ದು. ಪದದ ಮೇಲೆ ಪದ, ನಮ್ಮ ಹಕಾರ ಇದ್ದಲ್ಲಿ ಅವರ ಪಕಾರ ಬಂದು ನಿಲ್ಲುತ್ತಿದೆ ಎಂದರೆ ಹಿಂದೆ ಯಾವುದೋ ಒಂದು ಮೂಲವಿರಬೇಕು. ಹಳಗನ್ನಡ ತೆರೆದರೆ ಅನುಮಾನ ತೀರುತ್ತದೆ. ಅಲ್ಲಿ ಹಾಲು ಪಾಲ್, ಹುಲಿ ಪುಲಿ, ಹೋಗು ಪೋಗು. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಪದಾದಿಯ ಪಕಾರ ಸಡಿಲವಾಗಿ ಹಕಾರವಾಯಿತು. ತೆಲುಗು ತನ್ನದನ್ನು ಹಾಗೇ ಉಳಿಸಿಕೊಂಡಿತು. ಹಾಗಾದರೆ ಪೂಜೆ ಯಾಕೆ ಹೂಜೆ ಆಗಲಿಲ್ಲ, ಪಾಪ ಯಾಕೆ ಹಾಪ ಆಗಲಿಲ್ಲ ಎಂದು ಚುರುಕಾದ ಹುಡುಗಿ ಕೇಳಬಹುದು. ಕೇಳಲೇಬೇಕು. ಅವು ಸಂಸ್ಕೃತದಿಂದ ಬಂದವು. ಪುಸ್ತಕ, ಪುರಾಣಗಳ ಕಾವಲಿನಲ್ಲಿ ಇದ್ದದ್ದರಿಂದ ಬದಲಾವಣೆಯ ಗಾಳಿ ತಾಗಲಿಲ್ಲ.

ಇನ್ನೊಂದು ಸಾಲು ನೋಡಿ. ನಮ್ಮ ಕಿವಿ ಅವರ ಚೆವಿ, ನಮ್ಮ ಕೆರೆ ಅವರ ಚೆರುವು, ನಮ್ಮ ಕೆಡು ಅವರ ಚೆಡು, ನಮ್ಮ ಕೈ ಅವರ ಚೆಯ್ಯಿ. ಇಲ್ಲಿ ಪಾತ್ರ ತಿರುಗಿತು. ಈ ಸಲ ಹಳೆಯದನ್ನು ಇಟ್ಟುಕೊಂಡದ್ದು ಕನ್ನಡ, ಬದಲಾದದ್ದು ತೆಲುಗು. ಇ, ಎ ಸ್ವರಗಳ ಮುಂದೆ ಕಕಾರ ಚಕಾರವಾಗುವುದು ಜಗತ್ತಿನ ಅದೆಷ್ಟೋ ಭಾಷೆಗಳಲ್ಲಿ ಕಂಡಿದೆ. ಲ್ಯಾಟಿನ್ನಿನಲ್ಲಿ ಕ ಎಂದು ಉಚ್ಚರಿಸುತ್ತಿದ್ದದ್ದು ಇಟಾಲಿಯನ್ನಿಗೆ ಬರುವಾಗ ಇದೇ ಜಾಗದಲ್ಲಿ ಚ ಆಯಿತು. ಬಾಯಿಯ ರಚನೆ ಎಲ್ಲರಿಗೂ ಒಂದೇ ಆದದ್ದರಿಂದ ಸದ್ದುಗಳು ಜಾರುವ ದಾರಿಗಳೂ ಒಂದೇ ಬಗೆಯವು. ಆದ್ದರಿಂದ ಯಾವ ಭಾಷೆ ಹಳೆಯದು ಎಂದು ಕನ್ನಡ, ತೆಲುಗಿನವರು ವೇದಿಕೆಯ ಮೇಲೆ ಜಗಳ ಆಡುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರ ಹತ್ತಿರ ಒಂದು ಒಡವೆ ಉಳಿದಿದೆ, ಇನ್ನೊಬ್ಬರ ಹತ್ತಿರ ಇನ್ನೊಂದು.

ಈ ಹೋಲಿಕೆಯನ್ನು ಮೊದಲು ಕ್ರಮವಾಗಿ ತೋರಿಸಿದವನು ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್. ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ಬರೆದ ತೆಲುಗು ವ್ಯಾಕರಣಕ್ಕೆ 1816ರಲ್ಲಿ ಅವನೊಂದು ಟಿಪ್ಪಣಿ ಸೇರಿಸಿದ. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಪಕ್ಕಪಕ್ಕದಲ್ಲಿಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಇವಕ್ಕೆ ಬೇರೆಯೇ ಕುಲವಿದೆ ಎಂದು ಹೇಳಿದ. ಆ ಕ್ಯಾಂಪ್‌ಬೆಲ್ ಮುಂದೆ ತುಂಗಭದ್ರೆಯ ಆಚೆಯ ಬಳ್ಳಾರಿಗೆ ಕಲೆಕ್ಟರ್ ಆಗಿ ಬಂದ. ರಾಬರ್ಟ್ ಕಾಲ್ಡ್‌ವೆಲ್‌ನ ಹೆಸರಾಂತ ತುಲನಾತ್ಮಕ ವ್ಯಾಕರಣ ಬಂದದ್ದು ಅದಾಗಿ 40 ವರ್ಷಕ್ಕೆ, 1856ರಲ್ಲಿ. ಹೆಸರು ಕಾಲ್ಡ್‌ವೆಲ್‌ಗೆ ಹೋಯಿತು, ಎಲ್ಲಿಸ್‌ನನ್ನು ಮರೆತರು.

ಉರ್ದು ಮತ್ತು ಲಂಬಾಣಿ ಬೇರೆ ಕುಲದವು, ಇಂಡೋ-ಆರ್ಯನ್. ಆದರೆ ರಾಯಚೂರಿನ ಮುಸ್ಲಿಂ ಮನೆಗಳ ಮಾತು ದಿಲ್ಲಿಯ ಉರ್ದು ಅಲ್ಲ, ದಖನಿ. 'ನಾನು ಬರುತ್ತೇನೆ ಎಂದು ಅವನು ಹೇಳಿದ' ಎಂಬುದನ್ನು ದಿಲ್ಲಿಯಲ್ಲಿ 'ಅವನು ಹೇಳಿದ ಕಿ...' ಎಂದು ಶುರುಮಾಡಿ, ಹೇಳಿದ್ದೇನೆಂದು ಆಮೇಲೆ ತಿಳಿಸುತ್ತಾರೆ. ದಖನಿಯಲ್ಲಿ: ಉನೆ ಆತೂಂ ಬೋಲ್ಕೆ ಬೋಲ್ಯಾ. ನಮ್ಮ ಕನ್ನಡದಲ್ಲಿ: ಅವ ಬರ್ತೀನಿ ಅಂತ ಅಂದ. ತೆಲುಗಿನಲ್ಲಿ: ವಾಡು ವಸ್ತಾನು ಅನಿ ಅನ್ನಾಡು. ಮೂರನ್ನೂ ಒಂದರ ಕೆಳಗೊಂದು ಬರೆದರೆ ಪದಕ್ಕೆ ಪದ ಕೂಡುತ್ತದೆ. 'ಬೋಲ್ಕೆ' ಅಪ್ಪಟ ಉತ್ತರದ ಪದ. ಅದು ಮಾಡುತ್ತಿರುವ ಕೆಲಸ ಮಾತ್ರ ನಮ್ಮ 'ಅಂತ' ಮಾಡುವ ಕೆಲಸ. ಭಾಷೆಗಳು ಪದ ಸಾಲ ಮಾಡುತ್ತವೆ ಎಂದು ಎಲ್ಲರಿಗೂ ಗೊತ್ತು; ಅರ್ಜಿ, ಜಮೀನು, ವಕೀಲ, ದಾಖಲೆ ಇಲ್ಲದೆ ನಮ್ಮ ಕೋರ್ಟು ಕಚೇರಿ ಒಂದು ದಿನವೂ ನಡೆಯದು. ಆದರೆ ಪದಗಳನ್ನು ಬೇರೆಯಾಗಿಟ್ಟುಕೊಂಡು ವಾಕ್ಯದ ಅಚ್ಚನ್ನೇ ಸಾಲ ಪಡೆಯುವುದೂ ಉಂಟು.

ಇದರ ಬಹಳ ದೊಡ್ಡ ಉದಾಹರಣೆ ಸಿಕ್ಕಿದ್ದು ಗಡಿಯಾಚೆ, ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತಿನ ಮನೆಗಳು ತಲೆಮಾರುಗಳಿಂದ ಒಟ್ಟಿಗಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿಯ ಮಾತನ್ನು ಕುರಿತು 1971ರಲ್ಲಿ ಬರೆದ ಪ್ರಬಂಧವನ್ನು ಜಗತ್ತಿನ ಎಲ್ಲೆಡೆಯ ಭಾಷಾವಿಜ್ಞಾನ ವಿಭಾಗಗಳಲ್ಲಿ ಇಂದಿಗೂ ಓದುತ್ತಾರೆ. ಮನೆಯ ಮಾತು ಬಿಡದೆ, ಬೀದಿಯ ಅನುಕೂಲಕ್ಕೆ ವಾಕ್ಯಗಳನ್ನು ಒಂದೇ ಅಳತೆಗೆ ತಂದುಕೊಂಡ ಊರು ಅದು. ನಾವು 'ಇದು ನಿಮ್ಮ ಮನೆ' ಎಂದು ಕ್ರಿಯಾಪದವಿಲ್ಲದೆ ಮುಗಿಸುವ ಮಾತನ್ನು ಕುಪವಾಡದ ಕನ್ನಡಿಗರು, ಮರಾಠಿ ಉರ್ದುಗಳ ಹಾಗೆ, ಕೊನೆಗೊಂದು 'ಐತಿ' ಸೇರಿಸಿ ಮುಗಿಸುತ್ತಾರೆ.

ಪದದ ಕಟ್ಟಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಪಕ್ಷಪಾತವಿದೆ. ಉತ್ತರದ ಕನ್ನಡವನ್ನು ನೋಡಿ ನಗುವವರ ಬಾಯಿ ಮುಚ್ಚಿಸಲು ಒಳ್ಳೆಯ ಸಾಕ್ಷಿ ಸಿಗುವುದು ಇಲ್ಲಿಯೇ. ಮಗು 'ಮನ್ಯಾಗ ಐತ್ರಿ' ಎಂದರೆ ಮೇಷ್ಟ್ರು 'ಮನೆಯಲ್ಲಿ ಇದೆ ಅನ್ನು' ಎಂದು ತಿದ್ದುತ್ತಾರೆ. ಮನ್ಯಾಗ, ಊರಾಗ, ಹೊಲದಾಗ ಎಂಬಲ್ಲಿ ಇರುವ 'ಆಗ' ಎಲ್ಲಿಂದ ಬಂತು? 'ಒಳಗೆ' ಎಂಬುದು ಸವೆದು ಆದದ್ದು ಎಂಬುದು ವಿದ್ವಾಂಸರ ವಿವರಣೆ: ಮನೆಯೊಳಗೆ, ಮನಿಯೊಳಗ, ಮನ್ಯಾಗ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಪ್ತಮೀ ವಿಭಕ್ತಿಗೆ ಹೇಳಿದ ಪ್ರತ್ಯಯ 'ಒಳ್'. 'ಅಲ್ಲಿ' ಅಲ್ಲ. ಅಂದರೆ ಕೇಶಿರಾಜನ ಎದುರು ಇಬ್ಬರನ್ನೂ ನಿಲ್ಲಿಸಿದರೆ ದೇವದುರ್ಗದ ಮಗುವಿನ ಪ್ರತ್ಯಯದ ವಂಶಾವಳಿ ಅವನಿಗೆ ಬೇಗ ಗುರುತು ಸಿಗುತ್ತಿತ್ತು.

'ಮಾಡಾಕತ್ಯಾನ' ಎಂಬುದನ್ನು ಬಿಡಿಸಿ ನೋಡಿ. ಮಾಡಲಿಕ್ಕೆ ಹತ್ತಿದ್ದಾನೆ. 'ಹತ್ತು' ಎಂದರೆ ಏರು, ಅಂಟು, ತೊಡಗು. ಬಸ್ಸು ಹತ್ತುವುದು, ಬೆಂಕಿ ಹತ್ತುವುದು, ಕೆಲಸಕ್ಕೆ ಹತ್ತುವುದು. ಸ್ವಂತ ಅರ್ಥವಿದ್ದ ಆ ಕ್ರಿಯಾಪದ ನಿಧಾನಕ್ಕೆ ತನ್ನ ಅರ್ಥವನ್ನೂ ಹಕಾರವನ್ನೂ ಕಳೆದುಕೊಂಡು, ಕೆಲಸ ನಡೆಯುತ್ತಿದೆ ಎಂಬುದನ್ನು ಸೂಚಿಸುವ ಬರೀ ಪ್ರತ್ಯಯದಂತಾಯಿತು. ಬೆಂಗಳೂರು ಕಡೆ ಇದೇ ಕೆಲಸಕ್ಕೆ 'ಇರು' ಸವೆಯಿತು: ಮಾಡುತ್ತಾ ಇದ್ದಾನೆ, ಮಾಡ್ತಿದ್ದಾನೆ, ಮಾಡ್ತಾವ್ನೆ. ಕಲಬುರಗಿಯ ಕಡೆ ಹೋದರೆ ಮಾಡ್ಲಕತ್ತಾನ. ಮೂರೂ ಒಂದೇ ಕುಲುಮೆಯಲ್ಲಿ ಕಾದವು, ಬಡಿದ ಸುತ್ತಿಗೆ ಬೇರೆ. ಭಾಷಾವಿಜ್ಞಾನಿಗಳು ಇದನ್ನು ವ್ಯಾಕರಣೀಕರಣ ಎಂದು ಕರೆಯುತ್ತಾರೆ. ಭಾರವಾದ ಹೆಸರು, ವಿಷಯ ಇಷ್ಟೇ.

ಇನ್ನು 'ಮಾಡಿಸಿದ್ನಂತ'. ಒಂದೇ ಉಸಿರಿನ ಈ ಪದದಲ್ಲಿ ಐದು ಆಕೃತಿಮಾಗಳು, ಅಂದರೆ ಅರ್ಥವುಳ್ಳ ಪುಟ್ಟ ತುಣುಕುಗಳು, ಒಂದರ ಬಾಲಕ್ಕೆ ಒಂದು ಕೂತಿವೆ: ಮಾಡು ಎಂಬ ಧಾತು, ಬೇರೆಯವರಿಂದ ಮಾಡಿಸಿದ್ದು ಎನ್ನುವ 'ಇಸು', ಆಗಿಹೋಯಿತು ಎನ್ನುವ 'ದ್', ಮಾಡಿಸಿದವನು ಗಂಡಸು, ಒಬ್ಬ ಎನ್ನುವ 'ನ', ಕೊನೆಗೆ ಇದು ನಾನು ಕಂಡದ್ದಲ್ಲ, ಯಾರೋ ಹೇಳಿದ್ದು ಎನ್ನುವ 'ಅಂತ'. ಕ್ರಮ ತಪ್ಪುವಂತಿಲ್ಲ. ಆ ಕೊನೆಯ 'ಅಂತ' ಇದೆಯಲ್ಲ, ಅದು ಗಾಳಿಮಾತಿನ ಜವಾಬ್ದಾರಿಯಿಂದ ಹೇಳುವವನನ್ನು ಪಾರುಮಾಡುವ ವ್ಯಾಕರಣ. ಟರ್ಕಿಶ್ ಭಾಷೆಯಲ್ಲಿಯೂ ಕೇಳಿ ತಿಳಿದ ಸಂಗತಿಗೆ ಬೇರೆಯೇ ಕ್ರಿಯಾರೂಪವಿದೆ. ಇಂಗ್ಲಿಷಿನಲ್ಲಿ ಇಷ್ಟು ಸಲೀಸಾದ ಪ್ರತ್ಯಯವಿಲ್ಲ. ಅದನ್ನು ಹೇಳಲು ಅವರು ಬೇರೆ ಪದವನ್ನೋ ಇನ್ನೊಂದು ವಾಕ್ಯವನ್ನೋ ಸೇರಿಸಬೇಕು.

'ಇಸು' ಪ್ರತ್ಯಯ ವಿದೇಶದ ಮನೋವಿಜ್ಞಾನಿಗಳ ಗಮನವನ್ನೂ ಸೆಳೆದಿದೆ. ಓಡು, ಓಡಿಸು, ಕುಣಿ, ಕುಣಿಸು. ಮಾಡಿಸುವ ಅರ್ಥವನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಕ್ರಮವಾಗಿ ತೋರಿಸುವ ಭಾಷೆಯ ಮಕ್ಕಳು ಪ್ರತ್ಯಯವನ್ನು ನಂಬುತ್ತಾರೋ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ನಂಬುತ್ತಾರೋ? ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಕನ್ನಡದ ಮೂರು ವರ್ಷದ ಮಕ್ಕಳಿಗೆ ವಾಕ್ಯ ಹೇಳಿ, ಆಟಿಕೆಗಳಲ್ಲಿ ಅದನ್ನು ಆಡಿ ತೋರಿಸಲು ಬಿಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶ ಬೆರಗಿನದು. ಮಕ್ಕಳು ನಾಮಪದಗಳ ಲೆಕ್ಕವನ್ನು ಹಿಡಿದರು, ಪ್ರತ್ಯಯವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೇಳಿದ್ದನ್ನಷ್ಟೇ ಗಿಳಿಪಾಠ ಮಾಡಿ ಮಗು ಭಾಷೆ ಕಲಿಯುತ್ತದೆ ಎಂಬ ನಂಬಿಕೆಗೆ ಇದು ಪೆಟ್ಟು. ಮಗು ಏನನ್ನೋ ತನ್ನ ಜೊತೆಗೇ ತಂದಿರುತ್ತದೆ. ಅದು ಏನು, ಎಷ್ಟು ಎಂಬುದರ ಬಗ್ಗೆ ಅಮೆರಿಕದ ಭಾಷಾವಿಜ್ಞಾನಿ ಚಾಮ್‌ಸ್ಕಿಯ 1957ರ ಪುಸ್ತಕದ ನಂತರ ಎದ್ದ ವಾದ ಇನ್ನೂ ನಡೆದೇ ಇದೆ.

ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಬೇಕೆಂದರೆ ಇದು. ನಾಲ್ಕೈದು ವರ್ಷದ ಮಗುವಿನ ಮುಂದೆ ರೊಟ್ಟಿ ಗಿಟ್ಟಿ, ಹಾಲು ಗೀಲು ಎಂದು ಹೇಳಿ, ಅರ್ಥವೇ ಇಲ್ಲದ 'ಟಾಮು', 'ಟಮ್ಮು' ಎಂಬ ಪದ ಕೊಡಿ. ಮೊದಲನೆಯದಕ್ಕೆ ಗೀಮು, ಎರಡನೆಯದಕ್ಕೆ ಗಿಮ್ಮು ಎನ್ನಬೇಕು. ಮೊದಲ ವ್ಯಂಜನ ತೆಗೆದು ಗಕಾರ ಹಾಕು, ಸ್ವರವನ್ನು ಇಕಾರ ಮಾಡು, ಆದರೆ ಹ್ರಸ್ವ ದೀರ್ಘ ಮೊದಲಿದ್ದಂತೆಯೇ ಇರಲಿ: ಇಷ್ಟು ನಾಜೂಕಿನ ಸೂತ್ರ ಇದು. ಮೊಬೈಲ್ ಗಿಬೈಲ್, ಆಧಾರ್ ಗೀಧಾರ್ ಎಂದು ಹೊಸ ಪದಗಳಿಗೂ ಸಲೀಸಾಗಿ ಹತ್ತುತ್ತದೆ. ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಮಕ್ಕಳಿಗೆ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಇಲ್ಲದ ಹೆಸರು ಹೇಳಿ, ಅದರ ಬಹುವಚನ ಕೇಳಿದ್ದಳು; ಮಕ್ಕಳು ಸರಿಯಾಗಿ ಹೇಳಿದ್ದರು. ಕೇಳಿಯೇ ಇರದ ಪದಕ್ಕೆ ಸರಿಯಾದ ರೂಪ ಕೊಟ್ಟ ಮೇಲೆ ತಲೆಯಲ್ಲಿ ಇರುವುದು ಬಾಯಿಪಾಠವಲ್ಲ, ಸೂತ್ರವೇ.

ವಾಕ್ಯದ ಕಟ್ಟನ್ನು ಅರಿಯಲು ಭಾಷಾವಿಜ್ಞಾನಿ ಮಾಡುವ ಕೆಲಸ ವಿಚಿತ್ರ. ಸರಿಯಾದ ವಾಕ್ಯ ಸಾಲದು, ತಪ್ಪು ವಾಕ್ಯವನ್ನೂ ಬೇಕೆಂದೇ ಕಟ್ಟಿ ನೋಡುತ್ತಾನೆ, ಅದರ ಮುಂದೊಂದು ನಕ್ಷತ್ರದ ಗುರುತು ಹಾಕುತ್ತಾನೆ. ನಮ್ಮ ಮರ್ಯಾದೆಯ 'ರಿ'ಯನ್ನೇ ತೆಗೆದುಕೊಳ್ಳಿ. ಹೌದ್ರಿ, ಯಾಕ್ರಿ, ಬರ್ರಿ, ಇಲ್ರಿ. ಎಲ್ಲಿ ಬೇಕಾದರೂ ಅಂಟುತ್ತದೆ ಎಂದು ಅನ್ನಿಸುತ್ತದೆ. 'ನಮ್ಮ ಮನ್ಯಾಗ್ರಿ' ಆಗುತ್ತದೆ. '*ನಮ್ಮ್ರಿ ಮನ್ಯಾಗ' ಆಗುವುದಿಲ್ಲ. ರಾಯಚೂರಿನಲ್ಲಿ ಯಾರನ್ನು ಕೇಳಿದರೂ ಹಂಗ ಅನ್ನಂಗಿಲ್ರಿ ಅನ್ನುತ್ತಾರೆ. 'ನಮ್ಮ ಮನ್ಯಾಗ' ಎಂಬುದು ಎರಡು ಪದವಾದರೂ ಒಂದು ಘಟಕ, ಅದರ ಹೊಟ್ಟೆ ಸೀಳಿ 'ರಿ' ಒಳಗೆ ಹೋಗದು, ಅಂಚಿಗೇ ನಿಲ್ಲಬೇಕು. ವಾಕ್ಯ ಎಂದರೆ ಪದಗಳ ಸಾಲಲ್ಲ, ಗುಂಪಿನೊಳಗೆ ಗುಂಪು ಎಂಬ ದೊಡ್ಡ ತತ್ವವನ್ನು ಒಂದು ಗೌರವಸೂಚಕ ತುಣುಕು ಬಯಲು ಮಾಡಿತು. ತೆಲುಗಿನ 'ಅಂಡಿ'ಯೂ ಹೀಗೆಯೇ ಅಂಚು ಕಾಯುತ್ತದೆ.

ಮಾನ್ವಿ, ಸಿಂಧನೂರು ತಾಲ್ಲೂಕುಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಕ್ಯಾಂಪುಗಳಿವೆ. ಭತ್ತ ಬೆಳೆಯಲು ಆಂಧ್ರದ ಕಡೆಯಿಂದ ಬಂದ ರೈತರು ಕಟ್ಟಿಕೊಂಡ ಊರುಗಳು. ಅಲ್ಲಿಯ ತೆಲುಗಿನಲ್ಲಿ 'ನಾವು' ಎನ್ನಲು ಎರಡು ಪದ. ಕೇಳುವವನನ್ನೂ ಸೇರಿಸಿಕೊಂಡರೆ ಮನಂ, ಅವನನ್ನು ಬಿಟ್ಟು ಹೇಳಿದರೆ ಮೇಮು. ಕಾಲುವೆಗೆ ನೀರು ಬಿಡುವ ದಿನ 'ನಾವು ಹೋಗಬೇಕು' ಎಂದಾಗ ಯಾರು ಯಾರು ಹೋಗುವುದು ಎಂಬ ಗೊಂದಲ ಕನ್ನಡದಲ್ಲಿ ಆಗಬಹುದು, ತೆಲುಗಿನಲ್ಲಿ ಆಗದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕ್ಯಾಂಪಿನ ಮಗು ಬಾಗಿಲು ದಾಟುವಾಗ ಈ ಭೇದವನ್ನು ಹೊರಗೆ ಬಿಟ್ಟು ಬರುತ್ತದೆ, ಮರಳಿ ಹೋಗುವಾಗ ಎತ್ತಿಕೊಳ್ಳುತ್ತದೆ.

ಇಷ್ಟು ಸಂಪತ್ತು ಕೈಯಳತೆಯಲ್ಲಿದ್ದರೂ ನಮ್ಮ ಶಾಲೆಗಳಲ್ಲಿ ವ್ಯಾಕರಣ ಎಂದರೆ ಸವರ್ಣದೀರ್ಘ ಸಂಧಿ, ಗುಣಸಂಧಿ, ತತ್ಪುರುಷ ಸಮಾಸ. ಸಂಸ್ಕೃತಕ್ಕೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದ್ದೇವೆ ಎಂಬ ಆಕ್ಷೇಪವನ್ನು ಗಟ್ಟಿಯಾಗಿ ಎತ್ತಿದವರು ಡಿ.ಎನ್. ಶಂಕರ ಭಟ್. ಅವರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದ ಹೆಸರೇ ವಾದವನ್ನೆಲ್ಲ ಹೇಳುತ್ತದೆ. ಮಹಾಪ್ರಾಣಗಳನ್ನು ಬರಹದಿಂದ ಬಿಡಬೇಕೆಂಬ ಅವರ ಸಲಹೆಯನ್ನು ಒಪ್ಪದವರು ಬಹಳ ಮಂದಿ, ನಾನೂ ಅವರಲ್ಲೊಬ್ಬ. ಆದರೆ ರೋಗ ಯಾವುದು ಎಂದು ಅವರು ಹೇಳಿದ್ದರಲ್ಲಿ ತಪ್ಪು ಕಾಣದು. ಇದರಲ್ಲಿ ಸಂಸ್ಕೃತ ವ್ಯಾಕರಣದ ದೋಷವೇನೂ ಇಲ್ಲ. ಪಾಣಿನಿ ತನ್ನ ಕಾಲದ, ತನ್ನ ಸುತ್ತಲಿನ ಮಾತನ್ನು ಕೇಳಿ ಸೂತ್ರ ಕಟ್ಟಿದವನು. ಆಧುನಿಕ ಭಾಷಾವಿಜ್ಞಾನದ ಮೂಲಪುರುಷ ಎನ್ನಿಸಿಕೊಂಡ ಸೊಸ್ಯೂರ್ ಜಿನೀವಾದಲ್ಲಿ ಪಾಠ ಹೇಳುತ್ತಿದ್ದ ಭಾಷೆಗಳಲ್ಲಿ ಸಂಸ್ಕೃತವೂ ಒಂದು. ಪಾಣಿನಿಯಿಂದ ಕಲಿಯಬೇಕಾದದ್ದು ಅವನ ಸೂತ್ರಗಳನ್ನಲ್ಲ, ಕೇಳುವ ಅವನ ವಿಧಾನವನ್ನು. ಕವಿ ಎ.ಕೆ. ರಾಮಾನುಜನ್ ಅದನ್ನೇ ಮಾಡಿದರು. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಅವರು ಒಪ್ಪಿಸಿದ ಪಿಎಚ್.ಡಿ. ಪ್ರಬಂಧ ಕನ್ನಡದ ವ್ಯಾಕರಣವನ್ನು ಕುರಿತದ್ದು. ರೊನಾಲ್ಡ್ ಟ್ರೇಲ್ 1970ರಲ್ಲಿ ಲಂಬಾಣಿಗೆ ಒಂದು ವ್ಯಾಕರಣ ಬರೆದ. ಸ್ವಂತ ಲಿಪಿಯಿಲ್ಲದ ಭಾಷೆಗೆ ವ್ಯಾಕರಣವೂ ಇರುವುದಿಲ್ಲ ಎಂದುಕೊಂಡವರು ಆ ಪುಸ್ತಕ ನೋಡಬೇಕು.

ಬ್ರಿಟಿಷರ ಕಾಲದಲ್ಲಿ ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆ ಮೂವತ್ತು ವರ್ಷ ನಡೆಯಿತು, ಸಂಪುಟಗಳ ಮೇಲೆ ಸಂಪುಟ ಬಂತು. ಬೈಬಲ್ಲಿನ ದಾರಿತಪ್ಪಿದ ಮಗನ ಕತೆಯನ್ನು ನೂರಾರು ಭಾಷೆ, ಉಪಭಾಷೆಗಳಿಗೆ ತಿರುಗಿಸಿ ಬರೆಸಿಕೊಂಡರು. ಆದರೆ ಸಮೀಕ್ಷೆ ಹೈದರಾಬಾದ್, ಮೈಸೂರು ಸಂಸ್ಥಾನಗಳನ್ನೂ ಮದರಾಸು ಪ್ರಾಂತವನ್ನೂ ಒಳಗೊಳ್ಳಲಿಲ್ಲ. ನಿಜಾಮರ ಅಡಿಯಲ್ಲಿದ್ದ ರಾಯಚೂರು ಹೀಗೆ ಹೊರಗೇ ಉಳಿಯಿತು. ನೂರು ವರ್ಷದ ಹಿಂದೆ ಈ ಜಿಲ್ಲೆಯ ಜಾಲಹಳ್ಳಿಯಲ್ಲೋ ಕವಿತಾಳದಲ್ಲೋ ಆ ಕತೆಯನ್ನು ಹೇಗೆ ಹೇಳುತ್ತಿದ್ದರು ಎಂಬುದರ ಮಾದರಿ ಆ ಸಂಪುಟಗಳಲ್ಲಿ ಸಿಗುವುದಿಲ್ಲ.

ಈಗ ಎಲ್ಲರ ಜೇಬಿನಲ್ಲೂ ಧ್ವನಿಮುದ್ರಣ ಯಂತ್ರವಿದೆ, ಜಿಲ್ಲೆಗೊಂದು ವಿಶ್ವವಿದ್ಯಾಲಯವೂ ಬಂದಿದೆ. ತೊಡಕು ಬೇರೆ ಕಡೆ ಇದೆ. ಹಳ್ಳಿಯ ಹಿರಿಯರ ಎದುರು ಫೋನು ಹಿಡಿದು ನಿಮ್ಮ ಕಡೆ ಇದಕ್ಕೆ ಏನಂತಾರ್ರಿ ಎಂದರೆ ಅವರು ತಕ್ಷಣ ಪುಸ್ತಕದ ಕನ್ನಡಕ್ಕೆ ಹಾರಿಬಿಡುತ್ತಾರೆ. ಓದಿದವರು ಬಂದಾರ ಎಂಬ ಗೌರವ. ಇದಕ್ಕೆ ಅಮೆರಿಕದ ವಿಲಿಯಂ ಲಬಾವ್ 1962ರಲ್ಲಿ ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ಹೂಡಿದ ಉಪಾಯ ಚೆನ್ನಾಗಿದೆ. ಸ್ವರದ ನಂತರದ ರಕಾರವನ್ನು ಯಾರು ಉಚ್ಚರಿಸುತ್ತಾರೆ, ಯಾರು ನುಂಗುತ್ತಾರೆ ಎಂದು ಅವನಿಗೆ ತಿಳಿಯಬೇಕಿತ್ತು. ಗಿರಾಕಿಯ ಹಾಗೆ ಹೋಗಿ, ನಾಲ್ಕನೆಯ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಕೇಳುವುದು. ಉತ್ತರದಲ್ಲಿ ಬೇಕಾದ ಪದ ತಾನೇ ಬರುತ್ತದೆ: ಫೋರ್ತ್ ಫ್ಲೋರ್. ಆಮೇಲೆ ಕೇಳಿಸಲಿಲ್ಲ ಎಂಬಂತೆ ಮುಂದಕ್ಕೆ ಬಾಗುವುದು. ಮಾರಾಟಗಾರ ಎರಡನೆಯ ಸಲ ಎಚ್ಚರದಿಂದ ಹೇಳುತ್ತಾನೆ. ಸಹಜದ ಮಾತೂ ಸಿಕ್ಕಿತು, ಎಚ್ಚರದ ಮಾತೂ ಸಿಕ್ಕಿತು. ಹೊಟ್ಟೆಪಾಡಿನ ಗಡಿಬಿಡಿಯಲ್ಲಿದ್ದ 264 ಜನರ ಉತ್ತರದಿಂದ ಸಮಾಜಭಾಷಾವಿಜ್ಞಾನ ಎಂಬ ಶಾಖೆಗೆ ಗಟ್ಟಿ ಬುನಾದಿ ಬಿತ್ತು.

ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಮಾಡಲು ಚೂರೂ ಖರ್ಚಿಲ್ಲ. ಈ ಸೀಮೆಯಲ್ಲಿ 'ಐತಿ'ಯೂ ಕೇಳುತ್ತದೆ, ಕಲಬುರಗಿ ಕಡೆಯ 'ಅದ'ವೂ ಕೇಳುತ್ತದೆ. ಹೊರಡಲು ನಿಂತ ಬಸ್ಸುಗಳ ಕಂಡಕ್ಟರರನ್ನು, ಜೊತೆಗೆ ಕೂತ ಪ್ರಯಾಣಿಕರನ್ನು 'ಸೀಟ್ ಐತೇನ್ರಿ' ಎನ್ನದೆ, ಎರಡರಲ್ಲಿ ಯಾವುದನ್ನೂ ಬಾಯಿಗೆ ತುರುಕದಂತೆ 'ಸೀಟು?' ಎಂದಷ್ಟೇ ಕೇಳಬೇಕು. ಉತ್ತರ ಬಂದ ಮೇಲೆ 'ಆಂ? ಏನಂದ್ರಿ?' ಎಂದು ಇನ್ನೊಂದು ಸಲ. ಎರಡೂ ಉತ್ತರವನ್ನು, ಬಸ್ಸು ಯಾವ ಊರಿನದು, ಹೇಳಿದವರ ವಯಸ್ಸು ಸುಮಾರು ಎಷ್ಟು ಎಂಬುದರ ಜೊತೆ ಬರೆದುಕೊಳ್ಳಬೇಕು. ಎರಡನೆಯ ಸಲ ಎಷ್ಟು ಮಂದಿ 'ಇದೆ'ಗೆ ಜಿಗಿಯುತ್ತಾರೆ, ಅವರಲ್ಲಿ ಹರೆಯದವರೆಷ್ಟು, ದೇವದುರ್ಗದ ಬಸ್ಸಿನವರೆಷ್ಟು, ಮಾನ್ವಿಯ ಬಸ್ಸಿನವರೆಷ್ಟು ಎಂದು ಸಂಜೆ ಕೂತು ಎಣಿಸಿದರೆ ಒಂದು ಪ್ರಬಂಧದ ಮೊದಲ ಕೋಷ್ಟಕ ಸಿದ್ಧ.